ಕೌನ್ಸಿಲ್‌ನವರು ಗೋಡೆ ನೋಡಲು ಬರುತ್ತಾರೆ

(ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದ ಒಂದು ಕನ್ನಡ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಒಂದು ಪ್ರಶ್ನೆ ಕೇಳುತ್ತೇನೆ, ಸುಳ್ಳು ಹೇಳಬಾರದು. ಇಲ್ಲಿ ಎಷ್ಟು ಜನರ ಮನೆಯಲ್ಲಿ ಸ್ಮೋಕ್ ಅಲಾರ್ಮ್‌ಗೆ ಶವರ್ ಕ್ಯಾಪ್ ತೊಡಿಸಿದ್ದೀರಿ? ಕೈ ಎತ್ತಿ. ಪರವಾಗಿಲ್ಲ, ನಾನೂ ತೊಡಿಸಿದ್ದೆ. ಸಾಸಿವೆ ಚಟಪಟ ಅಂದು, ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಇಡೀ ಮನೆ ಕಿರುಚಿಕೊಳ್ಳುತ್ತದೆ. ಒಬ್ಬರು ಸ್ಟೂಲ್ ಮೇಲೆ ಹತ್ತಿ ಟವೆಲ್ ಬೀಸುತ್ತಾರೆ, ಇನ್ನೊಬ್ಬರು ಹಿಂಬಾಗಿಲು ತೆಗೆಯುತ್ತಾರೆ. ಮೂರನೇ ದಿನಕ್ಕೆ ಬ್ಯಾಟರಿ ಹೊರಗೆ ಬಂದಿರುತ್ತದೆ.

ಇದಕ್ಕೆ ಪರಿಹಾರ ಬಹಳ ಸರಳ. ಅಡುಗೆಮನೆಯಲ್ಲಿ ಇರಬೇಕಾದದ್ದು ಹೊಗೆಯ ಅಲಾರ್ಮ್ ಅಲ್ಲ, ಶಾಖದ ಅಲಾರ್ಮ್. ಅದು ಒಗ್ಗರಣೆಗೆ ಕೂಗುವುದಿಲ್ಲ, ಬೆಂಕಿಗೆ ಕೂಗುತ್ತದೆ. ಹೊಗೆಯದ್ದು ಹೊರಗೆ ಪ್ಯಾಸೇಜಿನಲ್ಲಿರಲಿ. ಬಾಡಿಗೆ ಮನೆಯ ಪ್ರತಿ ಮಹಡಿಯಲ್ಲೂ ಒಂದು ಸ್ಮೋಕ್ ಅಲಾರ್ಮ್ ಇರಲೇಬೇಕು ಅನ್ನುವುದು 2015ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ ಕಾನೂನು. 2022ರ ಅಕ್ಟೋಬರ್‌ನಿಂದ ಗ್ಯಾಸ್ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಕೂಡ ಕಡ್ಡಾಯ. ಕೆಟ್ಟಿದೆ ಅಂತ ನೀವು ತಿಳಿಸಿದರೆ ಮನೆ ಮಾಲೀಕ ಸರಿ ಮಾಡಿಸಬೇಕು. ಮಾಡಿಸದಿದ್ದರೆ ಕೌನ್ಸಿಲ್, ಅಂದರೆ ಊರಿನ ಸ್ಥಳೀಯ ಆಡಳಿತ, ನೋಟಿಸ್ ಕೊಡುತ್ತದೆ, ಅದಕ್ಕೂ ಜಗ್ಗದಿದ್ದರೆ 5,000 ಪೌಂಡ್ ತನಕ ದಂಡ ಹಾಕಬಹುದು.

ಆ ದಂಡ ಹಾಕುವ ಕಡೆಯವಳು ನಾನು. ಒಂದು ಕೌನ್ಸಿಲ್‌ನಲ್ಲಿ ಖಾಸಗಿ ಮನೆಗಳ ಗುಣಮಟ್ಟ ನೋಡುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಖಾಸಗಿ ಅಂದರೆ ಕೌನ್ಸಿಲ್‌ನದ್ದಲ್ಲದ, ಕಡಿಮೆ ಬಾಡಿಗೆಗೆ ಮನೆ ಕೊಡುವ ಲಾಭರಹಿತ ಸಂಸ್ಥೆಯಾದ ಹೌಸಿಂಗ್ ಅಸೋಸಿಯೇಷನ್‌ನದ್ದೂ ಅಲ್ಲದ ಮನೆ. ಯಾರೋ ಒಬ್ಬರು ಕೊಂಡು ಬಾಡಿಗೆಗೆ ಕೊಟ್ಟ ಮನೆ, ಅಥವಾ ನೀವೇ ಕೊಂಡು ವಾಸ ಮಾಡುವ ಮನೆ. ಇಂಗ್ಲೆಂಡಿನಲ್ಲಿ ಸುಮಾರು ಐದರಲ್ಲಿ ಒಂದು ಕುಟುಂಬ ಇಂಥ ಖಾಸಗಿ ಬಾಡಿಗೆ ಮನೆಯಲ್ಲಿದೆ. ನಮ್ಮವರಲ್ಲಿ ಈ ಪಾಲು ಇನ್ನೂ ಜಾಸ್ತಿ ಅಂತ ನನ್ನ ಅಂದಾಜು. ಓದಲು ಬಂದವರು, ಆಸ್ಪತ್ರೆಗೆ ನರ್ಸ್ ಆಗಿ ಬಂದವರು, ಕಂಪನಿ ಕಳಿಸಿದವರು, ಎಲ್ಲರೂ ಮೊದಲು ಇಳಿಯುವುದು ಇಲ್ಲೇ ಅಲ್ವಾ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಆಡುವುದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಕಾನೂನು ಬೇರೆ. ಗ್ಲಾಸ್ಗೋದಲ್ಲಿರುವ ತಮ್ಮನಿಗೆ ಇದನ್ನೇ ಫಾರ್ವರ್ಡ್ ಮಾಡಬೇಡಿ.

ಈಗ ಗೋಡೆಯ ವಿಷಯ. ನಾನು ಓದಲು ಬಂದ ಮೊದಲ ಚಳಿಗಾಲದಲ್ಲಿ ಇದ್ದದ್ದು ಸಾಲಾಗಿ ಒಂದಕ್ಕೊಂದು ಅಂಟಿಸಿ ಕಟ್ಟಿದ ಒಂದು ಹಳೇ ಟೆರೇಸ್ ಮನೆಯ ಹಿಂಬದಿ ಕೋಣೆ. ನೂರು ವರ್ಷ ದಾಟಿದ ಮನೆ. ಇಲ್ಲಿನ ಖಾಸಗಿ ಬಾಡಿಗೆ ಮನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು 1919ಕ್ಕಿಂತ ಹಿಂದಿನದು. ಆ ಕಾಲದ ಗೋಡೆ ಅಂದರೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ, ನಡುವೆ ಟೊಳ್ಳಿಲ್ಲ. ಹೊರಗೆ ಎಷ್ಟು ಥಂಡಿಯೋ ಒಳಗೋಡೆಯೂ ಅಷ್ಟೇ ಥಂಡಿ. ಅದಕ್ಕೆ ಒತ್ತಿಕೊಂಡು ನನ್ನ ಮಂಚ, ಮಂಚದ ಕೆಳಗೆ ಸೂಟ್‌ಕೇಸ್. ಅಮ್ಮ ಕೊಟ್ಟಿದ್ದ ಒಂದು ಮೈಸೂರು ಸಿಲ್ಕ್ ಸೀರೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಅದರೊಳಗೆ ಇಟ್ಟಿದ್ದೆ. ಸಂಕ್ರಾಂತಿಗೆ ಉಡೋಣ ಅಂತ ತೆಗೆದರೆ ಪೇಪರ್ ಒದ್ದೆಯಾಗಿತ್ತು. ಅಚ್ಚಿನ ಅಕ್ಷರ ತಿರುಗುಮುರುಗಾಗಿ ಸೀರೆಯ ಅಂಚಿಗೆ ಅಂಟಿಕೊಂಡಿತ್ತು. ಸೂಟ್‌ಕೇಸಿನ ಹಿಂದಿನ ಗೋಡೆ ಕಪ್ಪು. ಕೈಯಲ್ಲಿ ಒರೆಸಿದರೆ ಮಸಿಯ ಹಾಗೆ ಬಂತು, ವಾಸನೆ ಮಾತ್ರ ಹಳೇ ಬ್ರೆಡ್ಡಿನದು. ಬೂಷ್ಟು.

ಮನೆ ಮಾಲೀಕರಿಗೆ ಫೋನ್ ಮಾಡಿದೆ. "ನೀವು ತುಂಬಾ ಅಡುಗೆ ಮಾಡುತ್ತೀರಿ, ಬಟ್ಟೆ ಒಳಗೆ ಒಣಗಿಸುತ್ತೀರಿ, ಕಿಟಕಿ ತೆಗೆಯುವುದಿಲ್ಲ" ಅಂದರು. ಜನವರಿಯಲ್ಲಿ ಬಟ್ಟೆ ಹೊರಗೆ ಒಣಗಿಸಬೇಕಂತೆ! ಒಬ್ಬ ಪೇಂಟರ್ ಬಂದು ಬಿಳಿ ಬಣ್ಣ ಬಳಿದು ಹೋದ. ಮೂರು ವಾರದಲ್ಲಿ ಬಣ್ಣದ ಮೇಲೆ ಮತ್ತೆ ಚುಕ್ಕೆ ಎದ್ದವು. ಕೌನ್ಸಿಲ್ ಅಂತ ಒಂದಿದೆ, ಅವರು ಬಂದು ಇದನ್ನೇ ನೋಡುತ್ತಾರೆ ಅಂತ ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಫೋನ್ ಮಾಡುತ್ತಿದ್ದೆನೋ ಇಲ್ಲವೋ. ನಮಗೆ ಸರ್ಕಾರಿ ಆಫೀಸು ಅಂದರೆ ಅರ್ಜಿ ಹಿಡಿದು ನಿಲ್ಲುವ ಜಾಗ. ಅಲ್ಲಿಂದ ಯಾರೋ ನಮ್ಮ ಮನೆಗೆ ಬರುತ್ತಾರೆ ಅಂದರೆ, ನಾವೇನೋ ತಪ್ಪು ಮಾಡಿದ್ದೇವೆ ಅಂತಲೇ ಅನಿಸುತ್ತದೆ.

ಈಗ ನಾನೇ ಹಾಗೆ ಬರುವವಳು. ಬಂದಾಗ ಏನು ಮಾಡುತ್ತೇನೆ ಹೇಳುತ್ತೇನೆ. ಮೊದಲು ಒಳಗೆ ಬರುವುದೇ ಇಲ್ಲ, ಮನೆಯನ್ನು ಒಂದು ಸುತ್ತು ಹಾಕುತ್ತೇನೆ. ಮಳೆನೀರಿನ ದೋಣಿ ಒಡೆದಿದೆಯಾ, ಪೈಪಿನಿಂದ ನೀರು ಗೋಡೆಗೆ ಇಳಿದು ಹಸಿರು ಪಾಚಿ ಕಟ್ಟಿದೆಯಾ, ಅಂಗಳದ ಮಣ್ಣು ಗೋಡೆಯ ತೇವ ತಡೆಯುವ ಪದರಕ್ಕಿಂತ ಮೇಲೆ ಬಂದಿದೆಯಾ. ಆಮೇಲೆ ಒಳಗೆ. ಬಾತ್‌ರೂಮಿನ ಫ್ಯಾನ್ ಹಾಕಿ ಅದಕ್ಕೆ ಒಂದು ಟಿಶ್ಯೂ ಪೇಪರ್ ಹಿಡಿಯುತ್ತೇನೆ. ಪೇಪರ್ ಅಂಟಿ ನಿಂತರೆ ಫ್ಯಾನ್ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಕೆಳಗೆ ಬಿದ್ದರೆ ಅದು ಬರೀ ಸದ್ದು ಮಾಡುವ ಫ್ಯಾನ್. ಬೀರುವಿನ ಹಿಂದೆ ಕೈ ಹಾಕುತ್ತೇನೆ, ಗೋಡೆಗೆ ತೇವದ ಮೀಟರ್ ಚುಚ್ಚುತ್ತೇನೆ, ಅಟ್ಟ ತೆಗೆದು ಚಳಿ ತಡೆಯುವ ಉಣ್ಣೆಯಂಥ ಹಾಸು ಎಷ್ಟು ದಪ್ಪ ಇದೆ ನೋಡುತ್ತೇನೆ.

ಅಡುಗೆಯ ಆವಿ, ಒಣಗುವ ಬಟ್ಟೆ, ನಾವು ಬಿಡುವ ಉಸಿರು, ಇವೆಲ್ಲ ಗಾಳಿಗೆ ನೀರು ಸೇರಿಸುತ್ತವೆ ನಿಜ. ಕುಕ್ಕರ್ ಮೂರು ವಿಷಲ್ ಕೂಗಿದರೆ ಕಿಟಕಿ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಆದರೆ ಅದೇ ಕುಕ್ಕರ್ ಒಳ್ಳೆಯ ಮನೆಯಲ್ಲಿ ಕೂಗಿದರೆ ಬೂಷ್ಟು ಬರುವುದಿಲ್ಲ. ಆವಿ ನೀರಾಗುವುದು ಗೋಡೆ ಥಂಡಿ ಇದ್ದರೆ, ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ. ಗೋಡೆಯ ಥಂಡಿ ಬಾಡಿಗೆದಾರನ ತಪ್ಪಲ್ಲ. ಜನ ಅಡುಗೆ ಮಾಡಿ, ಸ್ನಾನ ಮಾಡಿ, ಬಟ್ಟೆ ಒಗೆದುಕೊಂಡು ಬದುಕಲಿ ಅಂತಲೇ ಮನೆ ಕಟ್ಟುವುದು.

ಈ 'ನಿಮ್ಮ ಜೀವನಶೈಲಿ' ಅನ್ನುವ ಮಾತು ಎಲ್ಲಿಗೆ ಮುಟ್ಟಿತು ಅಂತ ನಿಮಗೆ ನೆನಪಿರಬಹುದು. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್ ಊರಿನಲ್ಲಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನಿಂದ ಬಂದ ಉಸಿರಾಟದ ತೊಂದರೆಯೇ ಕಾರಣ ಅಂತ 2022ರ ನವೆಂಬರ್‌ನಲ್ಲಿ ಕಾರೊನರ್, ಅಂದರೆ ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ, ತೀರ್ಪು ಕೊಟ್ಟರು. ತಂದೆತಾಯಿ ಸೂಡಾನಿನಿಂದ ಬಂದವರು, ದೂರು ಕೊಟ್ಟಿದ್ದರು. ಅವರ ಜೀವನಶೈಲಿ ಬಗ್ಗೆ ಏನೇನೋ ಊಹೆ ಮಾಡಿಕೊಂಡಿದ್ದು ತಪ್ಪಾಯಿತು ಅಂತ ಮನೆ ಕೊಟ್ಟಿದ್ದ ಹೌಸಿಂಗ್ ಅಸೋಸಿಯೇಷನ್ ಆಮೇಲೆ ಒಪ್ಪಿಕೊಂಡಿತು. ಮಗುವಿನ ಹೆಸರಲ್ಲೇ ಕಾನೂನು ಬಂತು. ಇಷ್ಟು ದಿನದೊಳಗೆ ನೋಡಬೇಕು, ಇಷ್ಟು ದಿನದೊಳಗೆ ಸರಿಮಾಡಬೇಕು ಅಂತ ಗಡುವು ಹಾಕುವ ಕಾನೂನು. ಅದು 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿ ಮನೆಗಳಿಗೆ, ಅಂದರೆ ಕೌನ್ಸಿಲ್ ಮತ್ತು ಹೌಸಿಂಗ್ ಅಸೋಸಿಯೇಷನ್ ಮನೆಗಳಿಗೆ, ಜಾರಿಯಾಗಿದೆ. ಖಾಸಗಿ ಬಾಡಿಗೆ ಮನೆಗಳಿಗೂ ತರುವ ಅಧಿಕಾರ ರೆಂಟರ್ಸ್ ರೈಟ್ಸ್ ಆಕ್ಟ್ ಅನ್ನುವ 2025ರ ಹೊಸ ಕಾಯ್ದೆಯಲ್ಲಿದೆ, ಆದರೆ ಅದು ಮುಂದಿನ ಹಂತ.

ಹಾಗಾದರೆ ಈಗ ಖಾಸಗಿ ಮನೆಗೆ ನಾವು ಬಳಸುವ ಅಳತೆ ಯಾವುದು? 2004ರ ಹೌಸಿಂಗ್ ಆಕ್ಟ್. ಅದರ ಅಡಿಯಲ್ಲಿ 2006ರಲ್ಲಿ ಒಂದು ಪದ್ಧತಿ ಬಂತು. ಮನೆಯಿಂದ ಮನುಷ್ಯನಿಗೆ ಆಗಬಹುದಾದ ಅಪಾಯಗಳನ್ನು 29 ಬಗೆಯಾಗಿ ಪಟ್ಟಿ ಮಾಡಿತು. ತೇವ ಮತ್ತು ಬೂಷ್ಟು, ವಿಪರೀತ ಚಳಿ, ಮೆಟ್ಟಿಲಿಂದ ಬೀಳುವುದು, ಬೆಂಕಿ, ಕರೆಂಟು, ಇಕ್ಕಟ್ಟು, ಕಳ್ಳರು ನುಗ್ಗುವುದು, ಶಬ್ದ, ಹೀಗೆ. ಮುಂದಿನ ಹನ್ನೆರಡು ತಿಂಗಳಲ್ಲಿ ಈ ದೋಷದಿಂದ ಯಾರಿಗಾದರೂ ಪೆಟ್ಟು ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಎಷ್ಟು ಗಂಭೀರ, ಇವೆರಡನ್ನೂ ಲೆಕ್ಕ ಹಾಕಿ ಅಂಕ ಕೊಡುತ್ತೇವೆ. ಸಾವಿರ ಅಂಕ ಮುಟ್ಟಿದರೆ ಅದು ಮೊದಲ ವರ್ಗದ ಅಪಾಯ. ಆಮೇಲೆ ಕೌನ್ಸಿಲ್‌ಗೆ ಸುಮ್ಮನಿರುವ ಆಯ್ಕೆ ಇಲ್ಲ, ಏನಾದರೂ ಕ್ರಮ ತೆಗೆದುಕೊಳ್ಳಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಕ್ರಮ ತೆಗೆದುಕೊಳ್ಳಬಹುದು, ಬಿಡಬಹುದು.

ಇಲ್ಲೊಂದು ಸ್ವಾರಸ್ಯ ಇದೆ, ಸ್ವಲ್ಪ ಗಮನ ಕೊಡಿ. ಅಂಕ ಕೊಡುವಾಗ ಆ ಮನೆಯಲ್ಲಿ ಈಗ ಯಾರಿದ್ದಾರೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಬೂಷ್ಟಿಗೆ ಅಂಕ ಹಾಕುವಾಗ ಅಲ್ಲಿ 14 ವರ್ಷದೊಳಗಿನ ಮಗು ಇದೆ ಅಂತಲೇ ಅಂದುಕೊಳ್ಳಬೇಕು. ಚಳಿಗೆ ಅಂಕ ಹಾಕುವಾಗ 65 ದಾಟಿದವರು ಇದ್ದಾರೆ ಅಂತ. ಮನೆಯಲ್ಲಿರುವುದು 24 ವರ್ಷದ ಗಟ್ಟಿಮುಟ್ಟಾದ ಹುಡುಗ ಆದರೂ ಅಷ್ಟೇ, ಮನೆ ಖಾಲಿ ಬಿದ್ದಿದ್ದರೂ ಅಷ್ಟೇ. ಅಳೆಯುವುದು ಮನೆಯನ್ನು. ನೀವು ಕನ್ನಡದವರೋ ಪೋಲೆಂಡಿನವರೋ, ಎಷ್ಟು ದಿನದ ವೀಸಾ, ವಾರಕ್ಕೆ ಎಷ್ಟು ಸಲ ಸಾರು ಕುದಿಸುತ್ತೀರಿ, ನನ್ನ ಫಾರಂನಲ್ಲಿ ಇದಕ್ಕೆಲ್ಲ ಅಂಕಣವೇ ಇಲ್ಲ. ನಾನು ಸೂಟ್‌ಕೇಸ್ ಹಿಡಿದು ಅಳುತ್ತಾ ಕೂತಿದ್ದಾಗ ಇದೊಂದು ಗೊತ್ತಿದ್ದಿದ್ದರೆ!

ಸ್ವಲ್ಪ ಆಚೆಈಚೆ ಹೋಗುತ್ತೇನೆ. 70 ಚದರ ಅಡಿಯ ಕಥೆ. 1935ರ ಹೌಸಿಂಗ್ ಆಕ್ಟ್‌ನಲ್ಲಿ, ಕೋಣೆ ಎಷ್ಟು ದೊಡ್ಡದಿದ್ದರೆ ಎಷ್ಟು ಜನ ಮಲಗಬಹುದು ಅಂತ ಒಂದು ಕೋಷ್ಟಕ ಬಂತು. 110 ಚದರ ಅಡಿ ಇದ್ದರೆ ಇಬ್ಬರು. 70 ಇದ್ದರೆ ಒಬ್ಬರು. 50ರಿಂದ 70ರ ನಡುವೆ ಅರ್ಧ. ಅರ್ಧ ಮನುಷ್ಯ ಯಾರು ಅಂದರೆ ಹತ್ತು ವರ್ಷದೊಳಗಿನ ಮಗು. 2018ರ ಅಕ್ಟೋಬರ್‌ನಲ್ಲಿ ಲೈಸೆನ್ಸ್ ಬೇಕಾದ ಹಂಚಿಕೊಂಡ ಮನೆಗಳಿಗೆ ಕನಿಷ್ಠ ಕೋಣೆ ಅಳತೆ ತಂದರು. ಒಬ್ಬ ವಯಸ್ಕರಿಗೆ 6.51 ಚದರ ಮೀಟರ್, ಇಬ್ಬರಿಗೆ 10.22, ಚಿಕ್ಕ ಮಗುವಿಗೆ 4.64. ಈ ವಿಚಿತ್ರ ದಶಮಾಂಶ ಎಲ್ಲಿಂದ ಬಂತು? ಮೀಟರನ್ನು ಅಡಿಗೆ ಬದಲಿಸಿ ನೋಡಿ. ಅದೇ 70, ಅದೇ 110, ಅದೇ 50. ಇನ್ನೂ ತಮಾಷೆ ಅಂದರೆ, 2024ರಲ್ಲಿ ಬೆಂಗಳೂರಿನಲ್ಲಿ ಪಾಲಿಕೆಯವರು ಪಿ.ಜಿ.ಗಳಿಗೆ ನಿಯಮ ಮಾಡಿದಾಗ ಒಬ್ಬರಿಗೆ ಎಷ್ಟು ಜಾಗ ಅಂದರು ಗೊತ್ತಾ? 70 ಚದರ ಅಡಿ. ಇಲ್ಲಿಂದ ಅಲ್ಲಿಗೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಒಂದು ಮಂಚ, ಒಂದು ಬೀರು, ಕಾಲು ಇಡಲು ಜಾಗ, ಇಷ್ಟು ಸೇರಿಸಿದರೆ ಎಲ್ಲಿ ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೋ ಏನೋ.

ಹಂಚಿಕೊಂಡ ಮನೆ ಅಂದೆನಲ್ಲ, ಇಲ್ಲಿ ವಿದ್ಯಾರ್ಥಿಗಳು ಕಿವಿಗೊಡಿ. ಕಾನೂನಿನಲ್ಲಿ ಇದಕ್ಕೆ ಎಚ್.ಎಂ.ಒ., ಅಂದರೆ ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಷನ್, ಅನ್ನುತ್ತಾರೆ. ಒಂದೇ ಕುಟುಂಬದವರಲ್ಲದ ಮೂವರು ಅಥವಾ ಜಾಸ್ತಿ ಜನ ಅಡುಗೆಮನೆ, ಬಾತ್‌ರೂಮ್ ಹಂಚಿಕೊಂಡಿದ್ದರೆ ಅದು ಎಚ್.ಎಂ.ಒ. ಐವರಾದರೆ ಮಾಲೀಕ ಕೌನ್ಸಿಲ್‌ನಿಂದ ಲೈಸೆನ್ಸ್ ಪಡೆಯಲೇಬೇಕು. ಹುಬ್ಬಳ್ಳಿಯವನೊಬ್ಬ, ದಾವಣಗೆರೆಯವರಿಬ್ಬರು, ಉಡುಪಿಯವನೊಬ್ಬ, ಕೋಲಾರದವನೊಬ್ಬ ಸೇರಿ ಒಂದು ಮನೆ ಹಿಡಿದರೆ ಕಾನೂನಿನ ಕಣ್ಣಿಗೆ ಅದು ಐದು ಸಂಸಾರ. ಆದರೆ ಚಿಕ್ಕಪ್ಪ, ಅತ್ತೆ, ಕಸಿನ್ ಎಲ್ಲರೂ ಈ ಕಾಯ್ದೆಯ ಪ್ರಕಾರ ಒಂದೇ ಕುಟುಂಬ. ಹಾಗಾಗಿ ಕೆಲವು ಮಾಲೀಕರು "ಯಾರಾದರೂ ಕೇಳಿದರೆ ಕಸಿನ್ಸ್ ಅಂತ ಹೇಳಿ" ಅಂತ ಪಾಠ ಹೇಳಿಕೊಟ್ಟಿರುತ್ತಾರೆ. ದಯವಿಟ್ಟು ಹೇಳಬೇಡಿ. ಒಮ್ಮೆ ನಾನು ಹೋದ ಮನೆಯಲ್ಲಿ ಏಳು ಜನ ಕಸಿನ್ಸ್ ಇದ್ದರು. ಒಬ್ಬರ ಅಜ್ಜಿಯ ಊರು ಇನ್ನೊಬ್ಬರಿಗೆ ಗೊತ್ತಿಲ್ಲ! ಮುಂದಿನ ಹಾಲ್ ಅನ್ನು ಪ್ಲೈವುಡ್ ಹಾಕಿ ಎರಡು ಮಾಡಿದ್ದರು. ಒಂದು ಭಾಗಕ್ಕೆ ಕಿಟಕಿ ಬಂದಿತ್ತು, ಇನ್ನೊಂದಕ್ಕೆ ಬಾಗಿಲು ಬಂದಿತ್ತು. ಬೆಂಕಿ ಬಿದ್ದರೆ ಕಿಟಕಿಯ ಕಡೆಯವನು ಬಾಗಿಲು ಮುಟ್ಟಲು ಇನ್ನೊಬ್ಬನ ಮಂಚ ದಾಟಬೇಕು.

ಲೈಸೆನ್ಸ್ ಇಲ್ಲದೆ ಮನೆ ಬಾಡಿಗೆಗೆ ಕೊಟ್ಟರೆ ಅದು ಅಪರಾಧ. ಅಷ್ಟೇ ಅಲ್ಲ, ಕಟ್ಟಿದ ಬಾಡಿಗೆ ವಾಪಸ್ ಕೊಡಿಸಿ ಅಂತ ನೀವೇ ಟ್ರಿಬ್ಯೂನಲ್‌ಗೆ ಹೋಗಬಹುದು. ಇದುವರೆಗೆ ಹನ್ನೆರಡು ತಿಂಗಳ ಬಾಡಿಗೆ ತನಕ ಇತ್ತು, ಹೊಸ ಕಾಯ್ದೆ ಅದನ್ನು 24 ತಿಂಗಳಿಗೆ ಏರಿಸಿದೆ. ನಿಮ್ಮ ಮನೆಗೆ ಲೈಸೆನ್ಸ್ ಇದೆಯೋ ಇಲ್ಲವೋ ನೋಡುವುದು ಕಷ್ಟವಲ್ಲ. ಪ್ರತಿ ಕೌನ್ಸಿಲ್ ಒಂದು ಸಾರ್ವಜನಿಕ ರಿಜಿಸ್ಟರ್ ಇಡಬೇಕು. ಕೆಲವು ಕಡೆ ಒಂದೇ ಕುಟುಂಬ ಇರುವ ಸಾಮಾನ್ಯ ಬಾಡಿಗೆ ಮನೆಗೂ ಲೈಸೆನ್ಸ್ ಬೇಕು. ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್ 2013ರಲ್ಲಿ ತನ್ನ ಇಡೀ ಪ್ರದೇಶಕ್ಕೆ ಇದನ್ನು ತಂದಿತು. ನಿಮ್ಮ ಬೀದಿಗೆ ಏನಿದೆ ಅಂತ ನೋಡಿಕೊಳ್ಳಿ.

ಮಾಲೀಕರ ಮನೆಯಲ್ಲೇ ಒಂದು ಕೋಣೆ ಹಿಡಿದವರಿದ್ದೀರಾ? ಸುಮಾರು ಜನ ಇದ್ದೀರಿ. ನೀವು ಲಾಡ್ಜರ್. ಮನೆ ಬಿಡಿಸುವ ವಿಷಯದಲ್ಲಿ ನಿಮಗೆ ರಕ್ಷಣೆ ಬಹಳ ಕಡಿಮೆ, ಇದನ್ನು ತಿಳಿದುಕೊಂಡೇ ಇರಿ. ಆದರೆ ಅಪಾಯದ ಅಂಕ ಹಾಕುವ ಕಾನೂನು ಆ ಮನೆಗೂ ಅನ್ವಯಿಸುತ್ತದೆ.

ಸರಿ, ದೂರು ಕೊಡುವುದು ಹೇಗೆ? ಮೊದಲು ಮಾಲೀಕರಿಗೆ ಅಥವಾ ಏಜೆಂಟರಿಗೆ ಬರೆಯಿರಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಯಿತು ಅಂತ ತಿಳಿಯಿರಿ. ಇಮೇಲ್ ಸಾಕು, ವಾಟ್ಸಾಪ್ ಆದರೂ ಪರವಾಗಿಲ್ಲ, ತಾರೀಕು ಇರಬೇಕು. ಫೋಟೋ ತೆಗೆಯುವಾಗ ಗೋಡೆಯ ಪಕ್ಕ ಒಂದು ಸ್ಕೇಲೋ ಪೆನ್ನೋ ಇಟ್ಟು ತೆಗೆಯಿರಿ, ಕಲೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಒಂದು ಅಥವಾ ಎರಡು ವಾರ ಕಾದು, ಏನೂ ಆಗದಿದ್ದರೆ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಖಾಸಗಿ ಬಾಡಿಗೆ ಅಥವಾ ಎನ್ವಿರಾನ್ಮೆಂಟಲ್ ಹೆಲ್ತ್ ವಿಭಾಗ ಹುಡುಕಿ. ಗ್ಯಾಸ್ ಸೋರಿಕೆ, ಮೇಲುಹೊದಿಕೆ ಕಿತ್ತುಬಂದ ಕರೆಂಟ್ ತಂತಿ, ಚಳಿಗಾಲದಲ್ಲಿ ಹೀಟಿಂಗೇ ಇಲ್ಲ, ಇಂಥದ್ದಕ್ಕೆ ಕಾಯಬೇಡಿ. ಗ್ಯಾಸ್ ಆದರೆ ಮೊದಲು ಗ್ಯಾಸ್ ತುರ್ತು ನಂಬರಿಗೆ ಫೋನ್ ಮಾಡಿ, ಆಮೇಲೆ ನಮಗೆ. ಇನ್ನೊಂದು, ನಿಮ್ಮ ಊರಿನಲ್ಲಿ ಕೌಂಟಿ ಕೌನ್ಸಿಲ್ ಮತ್ತು ಡಿಸ್ಟ್ರಿಕ್ಟ್ ಕೌನ್ಸಿಲ್ ಎರಡೂ ಇದ್ದರೆ ಮನೆಯ ವಿಷಯ ಡಿಸ್ಟ್ರಿಕ್ಟ್‌ನದು. ಕೌಂಟಿಗೆ ಬರೆದು ತಿಂಗಳುಗಟ್ಟಲೆ ಕಾದವರನ್ನು ನೋಡಿದ್ದೇನೆ.

ನಾವು ಬಂದು ನೋಡಿದ ಮೇಲೆ ಸಾಮಾನ್ಯವಾಗಿ ಮೊದಲು ಮಾಲೀಕರ ಜೊತೆ ಮಾತಾಡುತ್ತೇವೆ. ಬಹಳಷ್ಟು ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಇಂಪ್ರೂವ್‌ಮೆಂಟ್ ನೋಟಿಸ್. ಇಂತಿಂಥ ಕೆಲಸ, ಇಂತಿಂಥ ದಿನದೊಳಗೆ ಅಂತ. ಕೆಲಸ ಶುರು ಮಾಡಲು ಕಾನೂನಿನಲ್ಲಿ ಕನಿಷ್ಠ 28 ದಿನ ಕೊಡಬೇಕು, ಮೇಲ್ಮನವಿಗೆ 21 ದಿನ. ಹಾಗಾಗಿ ನಾಳೆಯೇ ಗೋಡೆ ಒಣಗುತ್ತದೆ ಅಂದುಕೊಳ್ಳಬೇಡಿ. ತೀರಾ ಅಪಾಯ ಇದ್ದರೆ ಆ ಕೋಣೆಯನ್ನು ಬಳಸುವಂತಿಲ್ಲ ಅಂತ ಆದೇಶ ಕೊಡಬಹುದು, ಅಥವಾ ನಾವೇ ಕೆಲಸ ಮಾಡಿಸಿ ಮಾಲೀಕರಿಗೆ ಬಿಲ್ ಕಳಿಸಬಹುದು. ನೋಟಿಸ್ ಕಡೆಗಣಿಸಿದರೆ ಕೋರ್ಟಿಗೆ ಹೋಗಬಹುದು, ಅಥವಾ 2017ರಿಂದ ನಾವೇ ನೇರವಾಗಿ 30,000 ಪೌಂಡ್ ತನಕ ದಂಡ ಹಾಕಬಹುದು. ಈ ಮಿತಿ ಹೊಸ ಕಾಯ್ದೆಯಲ್ಲಿ 40,000 ಆಗಿದೆ.

ನಮ್ಮ ಮನೆಯ ಕೊರತೆಯನ್ನೂ ಹೇಳಬೇಕು. ಎಲ್ಲ ಕೌನ್ಸಿಲ್ ಒಂದೇ ಥರ ಇಲ್ಲ. ಕೆಲವು ಕಡೆ ಇಡೀ ಊರಿಗೆ ಬೆರಳೆಣಿಕೆಯ ಅಧಿಕಾರಿಗಳು. ಫೋನ್ ಎತ್ತುವುದಿಲ್ಲ, ಇಮೇಲಿಗೆ ಯಂತ್ರದ ಉತ್ತರ. ಬಂದರೂ ಕೆಲವೊಮ್ಮೆ "ಕಿಟಕಿ ತೆಗೆಯಿರಿ" ಅಂತ ಒಂದು ಕರಪತ್ರ ಕೊಟ್ಟು ಹೋಗುತ್ತಾರೆ. ಹಾಗಾದರೆ ಬಿಡಬೇಡಿ. ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಬರೆಯಿರಿ. ಅವರು ಕೇಳಿದ ಪ್ರಶ್ನೆ ನನ್ನ ಮೇಜಿಗೆ ಬಂದರೆ ಅದು ಫೈಲಿನ ಕೆಳಗೆ ಹೋಗುವುದಿಲ್ಲ, ಒಳಗಿನವಳಾಗಿ ಹೇಳುತ್ತಿದ್ದೇನೆ. 2018ರ ಕಾಯ್ದೆಯೊಂದರ ಪ್ರಕಾರ, ವಾಸಕ್ಕೆ ಯೋಗ್ಯವಲ್ಲದ ಮನೆ ಅಂತ ಬಾಡಿಗೆದಾರರೇ ನೇರವಾಗಿ ಕೋರ್ಟಿಗೂ ಹೋಗಬಹುದು. ಆ ದಾರಿ ಉದ್ದ, ಅದಕ್ಕೆ ವಕೀಲರನ್ನೇ ಕೇಳಿ.

ಇಷ್ಟು ಹೇಳಿದ ಮೇಲೂ ಯಾರೋ ಒಬ್ಬರು ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು ಕೇಳೇ ಕೇಳುತ್ತಾರೆ, ಮೇಡಂ, ವೀಸಾಗೆ ತೊಂದರೆ ಆಗಲ್ವಾ? ಇಲ್ಲೇ ಉತ್ತರ ಕೊಡುತ್ತೇನೆ. ನಿಮ್ಮ ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಅಂತ ಇರುತ್ತದೆ. ಅಂದರೆ ಸರ್ಕಾರಿ ಭತ್ಯೆ ಪಡೆಯುವಂತಿಲ್ಲ, ಕೌನ್ಸಿಲ್ ಮನೆ ಕೇಳುವಂತಿಲ್ಲ. ಮನೆ ತನಿಖೆ ಭತ್ಯೆಯಲ್ಲ. ರಸ್ತೆಯಲ್ಲಿ ಗುಂಡಿ ಬಿದ್ದಿದೆ ಅಂತ ಹೇಳಿದರೆ ಹೇಗೋ ಇದೂ ಹಾಗೆ. ಆದರೆ ಮನೆ ಹೋಗಿ ಬೀದಿಗೆ ಬೀಳುವ ಸ್ಥಿತಿ ಬಂದರೆ ಆಗ ಈ ಸಾಲು ನಿಮಗೆ ಅಡ್ಡ ಬರುತ್ತದೆ. ಕೌನ್ಸಿಲ್ ಸಲಹೆ ಕೊಡಬಹುದು, ಮನೆ ಕೊಡಲಾರದು. ಅದಕ್ಕೇ ಮುಂಚೆಯೇ ಬನ್ನಿ ಅನ್ನುವುದು.

ಎರಡನೇ ಭಯ, ದೂರು ಕೊಟ್ಟರೆ ಮನೆ ಬಿಡಿಸುತ್ತಾರೆ. ಇದು ಸುಳ್ಳು ಭಯ ಅಲ್ಲ. ಸೆಕ್ಷನ್ 21 ಅಂತ ಒಂದಿತ್ತು. ಕಾರಣ ಹೇಳದೆ ಎರಡು ತಿಂಗಳ ನೋಟಿಸ್ ಕೊಟ್ಟು ಖಾಲಿ ಮಾಡಿಸುವುದು. ಕೌನ್ಸಿಲ್ ಇಂಪ್ರೂವ್‌ಮೆಂಟ್ ನೋಟಿಸ್ ಕೊಟ್ಟ ಮೇಲೆ ಆರು ತಿಂಗಳು ಅದನ್ನು ಬಳಸುವಂತಿಲ್ಲ ಅಂತ 2015ರಲ್ಲಿ ನಿಯಮ ಮಾಡಿದರು, ಆದರೆ ಕೌನ್ಸಿಲ್ ಬರುವ ಮುಂಚೆಯೇ ಮಾಲೀಕ ನೋಟಿಸ್ ಕೊಟ್ಟುಬಿಟ್ಟರೆ? ಆ ಸಂದಿಯಲ್ಲೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ಕೂತರು. 2025ರ ಅಕ್ಟೋಬರ್ 27ರಂದು ಅಂಗೀಕಾರವಾದ ರೆಂಟರ್ಸ್ ರೈಟ್ಸ್ ಆಕ್ಟ್ ಈ ಸೆಕ್ಷನ್ 21 ಅನ್ನೇ ತೆಗೆದುಹಾಕುತ್ತದೆ. ಜಾರಿಯ ದಿನ 2026ರ ಮೇ 1. ಅಂದಿನಿಂದ ಮನೆ ಬಿಡಿಸಲು ಕಾನೂನಿನಲ್ಲಿ ಹೇಳಿದ ಕಾರಣ ಬೇಕು. ಬಾಡಿಗೆ ವರ್ಷಕ್ಕೆ ಒಂದೇ ಸಲ ಏರಿಸಬಹುದು. ಒಂದು ತಿಂಗಳಿಗಿಂತ ಜಾಸ್ತಿ ಬಾಡಿಗೆ ಮುಂಗಡ ಕೇಳುವಂತಿಲ್ಲ. ಇಲ್ಲಿ ಬಾಡಿಗೆಗೆ ಜಾಮೀನು ನಿಲ್ಲುವ ಗ್ಯಾರಂಟರ್ ಇಲ್ಲ ಅಂತ ಆರು ತಿಂಗಳ ಬಾಡಿಗೆಯನ್ನು ಊರಿನಿಂದ ತರಿಸಿ ಕಟ್ಟಿದವರು ಇಲ್ಲೇ ಕೂತಿದ್ದೀರಿ, ನಿಮಗೆ ಇದರ ಬೆಲೆ ಗೊತ್ತು. ವಿದ್ಯಾರ್ಥಿಗಳಿಗೆಂದೇ ಕಟ್ಟಿದ ದೊಡ್ಡ ಹಾಸ್ಟೆಲ್ ಕಟ್ಟಡಗಳಿಗೆ ನಿಯಮ ಬೇರೆ, ಅದನ್ನು ವಿಚಾರಿಸಿಕೊಳ್ಳಿ. ಠೇವಣಿಯಂತೂ 2019ರಿಂದಲೇ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಇರುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ನಮಗೆ ಇದು ಮೊದಲು ನಂಬಿಕೆಯೇ ಬರುವುದಿಲ್ಲ.

ಬೀಗ ಬದಲಾಯಿಸಿ ಸಾಮಾನು ಹೊರಗೆ ಹಾಕುವುದು 1977ರ ಕಾಯ್ದೆಯ ಪ್ರಕಾರ ಅಪರಾಧ. ಹಾಗೆ ಯಾರಾದರೂ ಮಾಡಿದರೆ ಪೊಲೀಸರಿಗೂ ಹೇಳಿ, ಕೌನ್ಸಿಲ್‌ಗೂ ಹೇಳಿ. ಮೊಕದ್ದಮೆ ಹೂಡುವ ಅಧಿಕಾರ ಕೌನ್ಸಿಲ್‌ಗಿದೆ.

ಈಗ ಮುಂದಿನ ಸಾಲಿನವರ ಸರದಿ. ನೀವು ಇಷ್ಟು ಹೊತ್ತು ಸುಮ್ನೆ ಕೂತಿದ್ದೀರಿ, ನನಗೆ ಗೊತ್ತು ಯಾಕೆ ಅಂತ. ನಮ್ಮವರಲ್ಲಿ ಎರಡನೇ ಮನೆ ಕೊಂಡು ಬಾಡಿಗೆಗೆ ಕೊಟ್ಟವರು ಕಡಿಮೆ ಇಲ್ಲ. ನಿಮ್ಮನ್ನು ಬೈಯಲು ಬಂದಿಲ್ಲ. ಆದರೆ "ಏಜೆಂಟ್ ನೋಡ್ಕೋತಾನೆ" ಅನ್ನುವುದು ಉತ್ತರ ಅಲ್ಲ, ನೋಟಿಸ್ ನಿಮ್ಮ ಹೆಸರಿಗೇ ಬರುತ್ತದೆ. ಗ್ಯಾಸ್ ತಪಾಸಣೆ ವರ್ಷಕ್ಕೊಮ್ಮೆ, ಕರೆಂಟಿನದು ಐದು ವರ್ಷಕ್ಕೊಮ್ಮೆ, ಎನರ್ಜಿ ಸರ್ಟಿಫಿಕೇಟ್ ಕನಿಷ್ಠ 'ಇ' ದರ್ಜೆ, ಠೇವಣಿ 30 ದಿನದೊಳಗೆ ಸಂರಕ್ಷಿತ ಯೋಜನೆಗೆ. ಸಂದೇಹ ಇದ್ದರೆ ನಮಗೆ ಮೊದಲೇ ಫೋನ್ ಮಾಡಿ ಕೇಳಿ. ಬಹಳ ಕೌನ್ಸಿಲ್‌ಗಳಲ್ಲಿ ಮಾಲೀಕರ ಸಭೆ ನಡೆಯುತ್ತದೆ, ಸಲಹೆ ಕೊಡುತ್ತಾರೆ. ಕೇಳಲು ಬಂದ ಮಾಲೀಕರನ್ನು ದಂಡ ಹಾಕಿ ಕಳಿಸಿದ್ದು ನನಗೆ ನೆನಪಿಲ್ಲ. ನಮ್ಮವರೇ ತಾನೇ ಅಂತ ಕನ್ನಡದ ಹುಡುಗರಿಗೆ ಮನೆ ಕೊಟ್ಟು, ಕಾಗದಪತ್ರ ಏನೂ ಮಾಡದೆ ಬಿಡುವುದು ಇದೆಯಲ್ಲ, ಅದು ಸ್ನೇಹ ಮುರಿಯುವ ಸುಲಭದ ದಾರಿ.

ಕೊನೆಗೆ ದಂಡದ ಮಾತು ಬಿಟ್ಟು ದುಡ್ಡು ಕೊಡುವ ಮಾತು. ನಮ್ಮ ವಿಭಾಗ ಇದನ್ನೂ ಮಾಡುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್. ವಯಸ್ಸಾಗಿ ಅಥವಾ ಕಾಯಿಲೆಯಿಂದ ಮನೆಯಲ್ಲಿ ಓಡಾಡಲು ಕಷ್ಟವಾದವರಿಗೆ ಮೆಟ್ಟಿಲ ಲಿಫ್ಟ್, ಇಳಿಜಾರು, ಹೊಸಿಲಿಲ್ಲದ ಶವರ್ ಇಂಥವು ಮಾಡಿಸಲು ಇಂಗ್ಲೆಂಡಿನಲ್ಲಿ 30,000 ಪೌಂಡ್ ತನಕ. ಸ್ವಂತ ಮನೆಯವರಿಗೂ ಉಂಟು, ಬಾಡಿಗೆಯವರಿಗೂ ಉಂಟು. ದೊಡ್ಡವರಿಗಾದರೆ ಆದಾಯ ನೋಡುತ್ತಾರೆ, ಮಕ್ಕಳಿಗಾದರೆ ನೋಡುವುದಿಲ್ಲ. ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಮನೆಗೆ ಬಂದು, ಏನು ಬೇಕು ಅಂತ ಬರೆಯುತ್ತಾರೆ. ಪೂರ್ತಿ ಅರ್ಜಿ ಸೇರಿದ ಮೇಲೆ ಆರು ತಿಂಗಳೊಳಗೆ ಕೌನ್ಸಿಲ್ ಉತ್ತರ ಕೊಡಬೇಕು.

ಎಪ್ಪತ್ತರ ದಶಕದಲ್ಲಿ ಬಂದ ನಮ್ಮ ಹಿರಿಯರೊಬ್ಬರು ಇದ್ದಾರೆ, ಹೆಸರು ಬೇಡ. ಮಂಡಿ ಎರಡೂ ಹೋಗಿವೆ. ಸ್ನಾನದ ತೊಟ್ಟಿ ಹತ್ತಿ ಇಳಿಯಲು ಆಗದೆ, ಎಷ್ಟೋ ತಿಂಗಳು ವಾಶ್ ಬೇಸಿನ್ ಮುಂದೆ ನಿಂತು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದರು. ಅರ್ಜಿ ಹಾಕಿ ಅಂದರೆ, "ನಾನು ಯಾವತ್ತೂ ಸರ್ಕಾರದ ದುಡ್ಡು ಮುಟ್ಟಿದವನಲ್ಲಮ್ಮ" ಅಂದರು. ನಲವತ್ತು ವರ್ಷ ಟ್ಯಾಕ್ಸ್ ಕಟ್ಟಿದ್ದೀರಲ್ಲ ಅಂದೆ. ಅದಕ್ಕೂ ಒಪ್ಪಲಿಲ್ಲ. ಒಪ್ಪಿಸಿದ್ದು ಅವರ ಹೆಂಡತಿ, "ಇವರು ಬಿದ್ದರೆ ಎತ್ತುವವಳು ನಾನು, ನನ್ನ ಸೊಂಟಕ್ಕೆ ಗ್ರಾಂಟ್ ಇದೆಯಾ ಕೇಳು" ಅಂತ. ತೊಟ್ಟಿ ತೆಗೆಸಿ ಸಮತಟ್ಟು ನೆಲ ಮಾಡಿಸಿದರು, ಗೋಡೆಗೆ ಹಿಡಿಕೆ, ಮಡಚುವ ಸೀಟು, ಬಿಸಿನೀರು ಸುಡದ ಹಾಗೆ ತಡೆಯುವ ಶವರ್. ಕೆಲಸ ಮುಗಿದ ಮೇಲೆ ಪರಿಶೀಲನೆಗೆ ಅಂತ ಹೋದೆ. ಎಲ್ಲ ಸರಿಯಾಗಿತ್ತು. ಶವರ್ ಮಾತ್ರ ಒಣಗಿಕೊಂಡಿತ್ತು. ಸೀಟಿನ ಪಕ್ಕ ಒಂದು ನೀಲಿ ಬಕೆಟ್, ಅದರೊಳಗೆ ಸ್ಟೀಲ್ ಚೊಂಬು.